ಉಚಿತವಾಗಿ ಸಿಗುವುದನ್ನು ಮಾರುವ ಕಷ್ಟ: ಡೆಸ್ಕ್‌ಟಾಪ್ ಲಿನಕ್ಸ್‌ನ ಮೂರು ದಶಕ

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ಸೌಕಾರ್‌ಪೇಟೆ ಸಗಟು ವ್ಯಾಪಾರಕ್ಕೆ ಹೆಸರಾದ ಜಾಗ. ಮಿಂಟ್ ಸ್ಟ್ರೀಟ್, ಗೋಡೌನ್ ಸ್ಟ್ರೀಟ್, ಎನ್‌.ಎಸ್‌.ಸಿ. ಬೋಸ್ ರಸ್ತೆಗಳ ಉದ್ದಕ್ಕೂ ಬಟ್ಟೆ, ಬೆಳ್ಳಿ-ಬಂಗಾರ, ಸ್ಟೀಲ್ ಪಾತ್ರೆಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿವೆ. ತಲೆಮಾರುಗಳ ಹಿಂದೆ ರಾಜಸ್ಥಾನ, ಗುಜರಾತುಗಳಿಂದ ಬಂದು ನೆಲೆಸಿದ ಮನೆತನಗಳು ಇಲ್ಲಿನ ವಹಿವಾಟಿನ ಬೆನ್ನೆಲುಬು. ಪೈಸೆಗೆ ಪೈಸೆ ತಾಳೆ ನೋಡುವ ಈ ಪೇಟೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳ ಜಾಗಕ್ಕೆ ಕಂಪ್ಯೂಟರ್ ಬಂದು ಬಹುಕಾಲವಾಯಿತು. ಅದರ ಮುಂದೆ ಕೂತ ಲೆಕ್ಕದ ಹುಡುಗ ಮೌಸ್ ಮುಟ್ಟುವುದೇ ಅಪರೂಪ. ಮಾರಾಟಕ್ಕೆ ಎಫ್8, ಖರೀದಿಗೆ ಎಫ್9, ಹಣ ಕೊಟ್ಟದ್ದಕ್ಕೆ ಎಫ್5, ಬಂದದ್ದಕ್ಕೆ ಎಫ್6. ಕಣ್ಣು ಬಿಲ್ಲಿನ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾರ್ಬನ್ ಪ್ರತಿಗಳ ಸಮೇತ ಬಿಲ್ ಹೊಡೆಯುತ್ತಿರುತ್ತದೆ. ತಂತ್ರಾಂಶದ ಹೆಸರು ಟ್ಯಾಲಿ. ಅದರ ಕೆಳಗೆ ಓಡುತ್ತಿರುವುದು ವಿಂಡೋಸ್. ಬೆಂಗಳೂರಿನ ಚಿಕ್ಕಪೇಟೆಗೆ ಹೋದರೂ ಕಾಣುವುದು ಇದೇ.

ಅದೇ ವರ್ತಕರ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಅವರು ದಿನವೂ ತೆರೆಯುವ ಜಾಲತಾಣಗಳ ಹಿಂದಿನ ಸರ್ವರುಗಳಲ್ಲಿ ಬಹುಪಾಲು ಓಡುವುದೂ ಲಿನಕ್ಸ್. ಮೇಜಿನ ಮೇಲಿನ ಕಂಪ್ಯೂಟರಿಗೆ ಮಾತ್ರ ಅದು ಬರಲಿಲ್ಲ. ತರಬೇಕೆಂದು ಹೊರಟವರು ಕಡಿಮೆಯೇನಲ್ಲ. ಮೂವತ್ತು ವರ್ಷಗಳಲ್ಲಿ ಕಂಪನಿಗಳು ಬಂದವು, ಕೋಟಿಗಟ್ಟಲೆ ಸುರಿದವು, ಮುಳುಗಿದವು ಅಥವಾ ಬೇರೆ ದಾರಿ ಹಿಡಿದವು. ಸರ್ಕಾರಗಳೂ ಕೈಹಾಕಿದವು, ಅವುಗಳಲ್ಲಿ ಒಂದು ದೊಡ್ಡ ಪ್ರಯತ್ನ ನಡೆದದ್ದು ಇದೇ ಚೆನ್ನೈಯಲ್ಲಿ. ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ವ್ಯವಸ್ಥೆಯೊಂದನ್ನು ಮಾರಿ ಬದುಕುವುದು ಏಕೆ ಇಷ್ಟು ಕಷ್ಟವಾಯಿತು? ಈ ಪ್ರಶ್ನೆಗೆ ಬಂದಿರುವ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

## ಪೆಟ್ಟಿಗೆಯಲ್ಲಿ ಬಂದ ಲಿನಕ್ಸ್

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಜಿಎನ್‌ಯು ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗನ್ನು ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುವುದು ಅವರ ಗುರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ತಿರುಳು, ಅಂದರೆ ಕರ್ನಲ್, ಅದಕ್ಕೆ ಕೂಡಿಕೊಂಡಿತು. ಎರಡಕ್ಕೂ ಅನ್ವಯಿಸುವ ಜಿಪಿಎಲ್ ಪರವಾನಗಿ ಮಾರಾಟವನ್ನು ನಿಷೇಧಿಸುವುದಿಲ್ಲ. ಎಷ್ಟು ಬೆಲೆಗಾದರೂ ಮಾರಿ, ಆದರೆ ಕೊಂಡವರಿಗೆ ಮೂಲ ಸಂಕೇತವನ್ನೂ ಕೊಡಿ, ಅವರು ಇನ್ನೊಬ್ಬರಿಗೆ ಹಂಚುವುದನ್ನು ತಡೆಯಬೇಡಿ ಎನ್ನುತ್ತದೆ. ವ್ಯಾಪಾರಿಯ ಇಕ್ಕಟ್ಟು ಇಲ್ಲಿಂದಲೇ ಶುರು. ಮೊದಲ ಗಿರಾಕಿ ಎರಡನೆಯ ಗಿರಾಕಿಗೆ ಪ್ರತಿ ಕೊಟ್ಟರೆ ಅದು ಕಳ್ಳತನವಲ್ಲ, ಅವನ ಹಕ್ಕು.

ಆದರೂ ವ್ಯಾಪಾರ ಶುರುವಾಯಿತು. 1992ರಲ್ಲಿ ಜರ್ಮನಿಯಲ್ಲಿ ಸೂಸೆ, 1993ರಲ್ಲಿ ಅಮೆರಿಕದಲ್ಲಿ ರೆಡ್ ಹ್ಯಾಟ್, 1994ರಲ್ಲಿ ಕಾಲ್ಡೆರಾ, 1998ರಲ್ಲಿ ಫ್ರಾನ್ಸಿನಿಂದ ಮಾಂಡ್ರೇಕ್. ಸಿಡಿಗಳನ್ನೂ ದಪ್ಪ ಕೈಪಿಡಿಯನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಇಂಟರ್ನೆಟ್ ಫೋನ್ ತಂತಿಯಲ್ಲಿ ತೆವಳುತ್ತಿದ್ದ ಕಾಲ. ಇಡೀ ವ್ಯವಸ್ಥೆಯನ್ನು ಇಳಿಸಿಕೊಳ್ಳುವುದಕ್ಕಿಂತ ಪೆಟ್ಟಿಗೆ ಕೊಳ್ಳುವುದೇ ಅಗ್ಗವಾಗಿತ್ತು. ಭಾರತದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೆ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ 2001ರಲ್ಲಿ ಗೆಳೆಯರೊಂದಿಗೆ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭಿಸಿದರು. ಇಲ್ಲಿನ ಒಂದು ತಲೆಮಾರಿನ ತಂತ್ರಜ್ಞರಿಗೆ ಲಿನಕ್ಸ್ ಪರಿಚಯವಾದದ್ದು ಈ ಎರಡು ದಾರಿಗಳಿಂದ.

1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆಗಳು ಶುರುವಾದ ಮೇಲೆ ಲಿನಕ್ಸ್‌ಗೂ ಕಿಟಕಿ, ಮೆನು, ಐಕಾನುಗಳ ಒಪ್ಪವಾದ ಮುಖ ಬಂತು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸುವ ಕಾಲ ಮುಗಿಯಿತು, ಇನ್ನು ಇದನ್ನು ಮನೆಮನೆಗೆ ಮಾರಬಹುದು ಎಂಬ ಭರವಸೆ ಹುಟ್ಟಿತು. 1999ರಲ್ಲಿ ಕೋರೆಲ್ ಕಂಪನಿ ತನ್ನದೇ ಲಿನಕ್ಸ್ ತಂದಿತು. ಎರಡು ವರ್ಷವಾಗುವಷ್ಟರಲ್ಲಿ ಅದನ್ನು ಕೈಬಿಟ್ಟಿತು. ಆ ಅವಶೇಷದಿಂದ ಹುಟ್ಟಿದ್ದು ಕ್ಸಾಂಡ್ರೋಸ್.

## ಲಿಂಡೋಸ್: ಕಾಲಕ್ಕಿಂತ ಮುಂದೆ ಓಡಿದ ಕಂಪನಿ

ಈ ಇತಿಹಾಸದ ಅತ್ಯಂತ ಪಾಠವುಳ್ಳ ಅಧ್ಯಾಯ ಲಿಂಡೋಸ್‌ನದು. ಎಂಪಿ3.ಕಾಮ್ ಸ್ಥಾಪಿಸಿದ್ದ ಮೈಕೆಲ್ ರಾಬರ್ಟ್‌ಸನ್ 2001ರಲ್ಲಿ ಇದನ್ನು ಕಟ್ಟಿದರು. ಲಿನಕ್ಸ್‌ನ ಮೇಲೆಯೇ ವಿಂಡೋಸ್ ತಂತ್ರಾಂಶಗಳನ್ನೂ ಓಡಿಸುತ್ತೇವೆ ಎಂಬುದು ಮೊದಲ ಮಾತು. ‘ವೈನ್’ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡ ಆ ಮಾತನ್ನು ಉಳಿಸಿಕೊಳ್ಳಲು ಆಗಲಿಲ್ಲ; ಸದ್ದಿಲ್ಲದೆ ಹಿಂದೆ ಸರಿದರು. ಅದೇ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಹೆಸರಿನ ವಿಚಾರಕ್ಕೆ ದಾವೆ ಹೂಡಿತು. 2004ರಲ್ಲಿ 2 ಕೋಟಿ ಡಾಲರ್ ಕೊಟ್ಟು ದಾವೆ ಹೂಡಿದ ಮೈಕ್ರೋಸಾಫ್ಟೇ ರಾಜಿ ಮಾಡಿಕೊಂಡಿತು. ಲಿಂಡೋಸ್ ಹೋಗಿ ಲಿನ್‌ಸ್ಪೈರ್ ಆಯಿತು.

ವ್ಯಾಪಾರದ ದೃಷ್ಟಿಯಿಂದ ಲಿಂಡೋಸ್ ಎರಡು ಕೆಲಸಗಳನ್ನು ಸರಿಯಾಗಿಯೇ ಮಾಡಿತ್ತು. ಮೊದಲನೆಯದು, 2002ರಲ್ಲಿ ವಾಲ್‌ಮಾರ್ಟ್‌ನ ಜಾಲತಾಣದಲ್ಲಿ 199 ಡಾಲರಿನ ಕಂಪ್ಯೂಟರಿನಲ್ಲಿ ಮೊದಲೇ ತುಂಬಿಸಿಕೊಟ್ಟದ್ದು. ಕೊಂಡವರು ತಾವೇ ಏನನ್ನೂ ಅಳವಡಿಸಬೇಕಾಗಿರಲಿಲ್ಲ. ಎರಡನೆಯದು ‘ಕ್ಲಿಕ್-ಎನ್-ರನ್’. ವರ್ಷಕ್ಕಿಷ್ಟು ಚಂದಾ ಕಟ್ಟಿದರೆ ಸಾವಿರಾರು ತಂತ್ರಾಂಶಗಳ ಪಟ್ಟಿಯಿಂದ ಬೇಕಾದದ್ದನ್ನು ಆರಿಸಿ ಒಂದೇ ಒತ್ತಿಗೆ ಅಳವಡಿಸಿಕೊಳ್ಳಬಹುದಿತ್ತು. ಇಂದು ಪ್ರತಿ ಫೋನಿನಲ್ಲಿರುವ ಆ್ಯಪ್ ಅಂಗಡಿಯ ಕಲ್ಪನೆ ಇದೇ. 2008ರ ಜುಲೈನಲ್ಲಿ ಲಿನ್‌ಸ್ಪೈರ್ ಕ್ಸಾಂಡ್ರೋಸ್‌ಗೆ ಮಾರಾಟವಾಯಿತು. ಅದೇ ತಿಂಗಳು ಆ್ಯಪಲ್ ತನ್ನ ಆ್ಯಪ್ ಸ್ಟೋರಿನ ಬಾಗಿಲು ತೆರೆಯಿತು.

ಕ್ಸಾಂಡ್ರೋಸ್‌ಗೂ ಒಂದು ಸುಸಮಯ ಬಂದಿತ್ತು. 2007ರ ಕೊನೆಗೆ ಆಸುಸ್ ಕಂಪನಿಯ ಪುಟ್ಟ ‘ಈ ಪಿಸಿ’ ಅದನ್ನೇ ಹೊತ್ತು ಮಾರುಕಟ್ಟೆಗೆ ಬಂದು ಭರ್ಜರಿಯಾಗಿ ಮಾರಾಟವಾಯಿತು. ಮೈಕ್ರೋಸಾಫ್ಟ್ ಸುಮ್ಮನೆ ಕೂರಲಿಲ್ಲ. ಮುಗಿಯಬೇಕಿದ್ದ ವಿಂಡೋಸ್ ಎಕ್ಸ್‌ಪಿಯ ಆಯುಸ್ಸನ್ನು ಇಂಥ ಅಗ್ಗದ ಯಂತ್ರಗಳಿಗಾಗಿ ಮುಂದುವರಿಸಿತು. ಎರಡೇ ವರ್ಷಗಳಲ್ಲಿ ಪುಟ್ಟ ಲ್ಯಾಪ್‌ಟಾಪುಗಳ ಮಾರುಕಟ್ಟೆ ಎಕ್ಸ್‌ಪಿಯ ಕೈಗೆ ಹೋಯಿತು. ಲಿನ್‌ಸ್ಪೈರ್ ಹೆಸರನ್ನು 2018ರಲ್ಲಿ ಇನ್ನೊಂದು ಕಂಪನಿ ಮತ್ತೆ ಎತ್ತಿ ಮಾರಾಟಕ್ಕಿಟ್ಟಿತು; ಹಳೆಯ ಸದ್ದು ಮಾತ್ರ ಮರಳಲಿಲ್ಲ.

## ಡೆಸ್ಕ್‌ಟಾಪ್ ಬಿಟ್ಟವರು ಬದುಕಿದರು

ರೆಡ್ ಹ್ಯಾಟ್ 2003ರಲ್ಲಿ ಪೆಟ್ಟಿಗೆಯ ಲಿನಕ್ಸನ್ನೇ ನಿಲ್ಲಿಸಿತು. ಹವ್ಯಾಸಿಗಳಿಗೆ ಫೆಡೋರಾ, ಕಂಪನಿಗಳಿಗೆ ಚಂದಾ ಆಧಾರದ ಸರ್ವರ್ ವ್ಯವಸ್ಥೆ ಎಂದು ದಾರಿ ಬೇರೆ ಮಾಡಿತು. ಮನೆಬಳಕೆಯ ಡೆಸ್ಕ್‌ಟಾಪ್ ತರುವ ಯೋಚನೆ ಇಲ್ಲವೆಂದು 2008ರಲ್ಲಿ ಬಾಯಿಬಿಟ್ಟೇ ಹೇಳಿತು. ಅದನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರಿಗೆ ಕೊಂಡಿತು. ಡೆಸ್ಕ್‌ಟಾಪನ್ನೇ ನೆಚ್ಚಿದ ಮಾಂಡ್ರೇಕ್ 2003ರಲ್ಲಿ ದಿವಾಳಿ ರಕ್ಷಣೆ ಕೋರಿ, ಚೇತರಿಸಿಕೊಂಡು, ಮಾಂಡ್ರಿವಾ ಆಗಿ, 2015ರಲ್ಲಿ ಮುಚ್ಚಿಹೋಯಿತು.

2004ರಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಸ್ವಂತ ಹಣ ಹಾಕಿ ಉಬುಂಟು ತಂದರು. ಕೇಳಿದವರಿಗೆ ಅಂಚೆಯಲ್ಲಿ ಸಿಡಿಯನ್ನು ಬಿಟ್ಟಿಯಾಗಿ ಕಳಿಸಿದರು. ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿರುವುದೇ ತಾವು ಸರಿಪಡಿಸಬೇಕಾದ ಒಂದನೇ ನಂಬರಿನ ದೋಷ ಎಂದು ದಾಖಲಿಸಿದರು. 2013ರಲ್ಲಿ ಆ ದೋಷ ಬಗೆಹರಿಯಿತೆಂದು ಮುಚ್ಚಿದರು. ಅದಕ್ಕೆ ಅವರು ಕೊಟ್ಟ ಕಾರಣ ಜನ ಫೋನು, ಟ್ಯಾಬ್ಲೆಟ್ಟುಗಳ ಕಡೆ ಹೊರಳಿದ್ದು. ಡೆಸ್ಕ್‌ಟಾಪಿಗಾಗಿ ಕಟ್ಟಿದ್ದ ‘ಯೂನಿಟಿ’ಯನ್ನು 2017ರಲ್ಲಿ ಕೈಬಿಟ್ಟರು. ಅವರ ಕ್ಯಾನನಿಕಲ್ ಕಂಪನಿಯ ಆದಾಯ ಈಗ ಮುಖ್ಯವಾಗಿ ಸರ್ವರ್, ಕ್ಲೌಡ್ ಸೇವೆಗಳದ್ದು.

## ಚೆನ್ನೈ, ಬೆಂಗಳೂರು, ಕಾಸರಗೋಡು

ಭಾರತದಲ್ಲಿ ಈ ಪ್ರಯೋಗಕ್ಕೆ ಹೆಚ್ಚಾಗಿ ಮುಂದೆ ನಿಂತದ್ದು ಸರ್ಕಾರ. 2005ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಮುಕ್ತ ತಂತ್ರಾಂಶಕ್ಕಾಗಿ ಎನ್‌ಆರ್‌ಸಿಫಾಸ್ ಎಂಬ ರಾಷ್ಟ್ರೀಯ ಕೇಂದ್ರವನ್ನು ಚೆನ್ನೈಯಲ್ಲಿ ತೆರೆಯಿತು. ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರವೂ ಸಿ-ಡ್ಯಾಕ್‌ನ ಚೆನ್ನೈ ಶಾಖೆಯೂ ಅದನ್ನು ನಡೆಸಿದವು. 2007ರಲ್ಲಿ ಅಲ್ಲಿಂದ ಹೊರಬಂದದ್ದು ‘ಬಾಸ್’, ಅಂದರೆ ಭಾರತ್ ಆಪರೇಟಿಂಗ್ ಸಿಸ್ಟಮ್ ಸಲ್ಯೂಷನ್ಸ್. ಡೆಬಿಯನ್ ಲಿನಕ್ಸ್‌ನ ಮೇಲೆ ಕಟ್ಟಿದ, ಕನ್ನಡವೂ ಸೇರಿ ಭಾರತೀಯ ಭಾಷೆಗಳನ್ನು ಒಳಗೊಂಡ ವ್ಯವಸ್ಥೆ ಅದು. ತರಂಗ್, ಅನಂತ್, ತೇಜಸ್ ಎಂದು ಒಂದೊಂದು ಆವೃತ್ತಿಗೂ ಹೆಸರಿಟ್ಟರು. ಶಾಲೆಗಳಿಗೆಂದು ಎಜುಬಾಸ್ ಬಂತು.

ಹೆಚ್ಚುಕಡಿಮೆ ಇದೇ ಹೊತ್ತಿಗೆ ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ, ವ್ಯವಸ್ಥಾಪಕ ನಿರ್ದೇಶಕ ಸಿ. ಉಮಾಶಂಕರ್ ಅವರ ಮುಂದಾಳತ್ವದಲ್ಲಿ, ತನ್ನ ಕಚೇರಿಯ ಯಂತ್ರಗಳನ್ನು ಸೂಸೆ ಲಿನಕ್ಸ್‌ಗೆ ಬದಲಿಸಿತು. ಸರ್ಕಾರಿ ಕಚೇರಿ, ಶಾಲೆಗಳಿಗೂ ಅದನ್ನೇ ತುಂಬಿದ ಕಂಪ್ಯೂಟರುಗಳನ್ನು ಖರೀದಿಸಿತು. ಒಂದು ವಾಣಿಜ್ಯ ಲಿನಕ್ಸ್ ಡೆಸ್ಕ್‌ಟಾಪಿಗೆ ಭಾರತದಲ್ಲಿ ಸಿಕ್ಕ ದೊಡ್ಡ ಅವಕಾಶಗಳಲ್ಲಿ ಅದೊಂದು. 2011ರಲ್ಲಿ ಜಯಲಲಿತಾ ಸರ್ಕಾರ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಲು ಶುರುಮಾಡಿದಾಗ ಅವುಗಳಲ್ಲಿ ವಿಂಡೋಸ್ ಮತ್ತು ಬಾಸ್ ಎರಡೂ ಇದ್ದವು. ಗುಂಡಿ ಒತ್ತಿದಾಗ ಯಾವುದು ಬೇಕೆಂದು ಪರದೆ ಕೇಳುತ್ತಿತ್ತು. ಅಣ್ಣ, ಅಕ್ಕ, ಪಕ್ಕದ ಬೀದಿಯ ರಿಪೇರಿ ಅಂಗಡಿಯವರಿಗೆಲ್ಲ ಗೊತ್ತಿರುವ ಒಂದು, ಯಾರೂ ಬಳಸದ ಇನ್ನೊಂದು ಎದುರಿಗಿದ್ದರೆ ಮಗು ಯಾವುದನ್ನು ಆರಿಸೀತು ಎಂದು ಊಹಿಸುವುದು ಕಷ್ಟವಲ್ಲ.

ಕರ್ನಾಟಕದ ಹೆಸರಾಂತ ಪ್ರಯತ್ನ ಡೆಸ್ಕ್‌ಟಾಪಿನದಲ್ಲ, ಅಂಗೈಯಗಲದ ಯಂತ್ರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯವರು 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರ್ ಲಿನಕ್ಸ್ ಆಧಾರಿತವಾಗಿತ್ತು, ಕನ್ನಡದಲ್ಲೂ ಮಾತನಾಡುತ್ತಿತ್ತು. 2004ರಲ್ಲಿ ಬಿಇಎಲ್ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಮಾರಾಟ ಕೆಲವು ಸಾವಿರಗಳನ್ನು ದಾಟಲಿಲ್ಲ. ನಂತರ ಐಟಿ ಫಾರ್ ಚೇಂಜ್ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿತು. ಕನ್ನಡದ ಮುಕ್ತ ಕಲಿಕಾ ಸಾಮಗ್ರಿಯ ತಾಣ ‘ಕೋಯರ್’ ಆ ಕೆಲಸದ ಫಲ.

ನಿಜವಾಗಿ ಬೇರು ಬಿಟ್ಟದ್ದು ಕೇರಳದಲ್ಲಿ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆಯಲ್ಲಿ ಮೊದಲು ವಿಂಡೋಸ್ ಇತ್ತು. ಶಿಕ್ಷಕ ಸಂಘಟನೆಗಳೂ ಮುಕ್ತ ತಂತ್ರಾಂಶ ಕಾರ್ಯಕರ್ತರೂ ಪಟ್ಟುಹಿಡಿದ ಮೇಲೆ ಅದೇ ದಶಕದಲ್ಲಿ ಪೂರ್ತಿ ಲಿನಕ್ಸ್‌ಗೆ ಬದಲಾಯಿತು. 2017ರಿಂದ ‘ಕೈಟ್’ ಎಂಬ ಹೆಸರಿನಲ್ಲಿರುವ ಸಂಸ್ಥೆ ಉಬುಂಟುವನ್ನು ಪಠ್ಯಕ್ಕೆ ತಕ್ಕಂತೆ ಒಪ್ಪಮಾಡಿ ಎಲ್ಲ ಶಾಲೆಗಳಿಗೂ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕಂಪ್ಯೂಟರ್ ಎಂದರೆ ಮೊದಲು ಲಿನಕ್ಸ್. ಅವರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿದೆ, ಎಸ್‌ಎಸ್‌ಎಲ್‌ಸಿಯ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಗಡಿಯಾಚೆ ಮಂಗಳೂರಿಗೆ ಓದಲು ಬಂದಾಗ ಅವರಿಗೆ ಹೊಸದಾಗಿ ಕಾಣುವುದು ವಿಂಡೋಸ್.

## ಐದು ವಿವರಣೆಗಳು

### ಒಂದು: ಅಂಗಡಿಯ ಬಾಗಿಲೇ ಮುಚ್ಚಿತ್ತು

ಮೊದಲ ಪಂಥದ ಪ್ರಕಾರ ಗಿರಾಕಿ ವ್ಯವಸ್ಥೆಯನ್ನು ಆರಿಸುವುದೇ ಇಲ್ಲ, ಕಂಪ್ಯೂಟರಿನ ಜೊತೆ ಬಂದದ್ದನ್ನು ಬಳಸುತ್ತಾನೆ. ತಯಾರಿಸಿದ ಪ್ರತಿ ಯಂತ್ರಕ್ಕೂ, ವಿಂಡೋಸ್ ತುಂಬಲಿ ಬಿಡಲಿ, ಹಣ ಪಡೆಯುವ ಮೈಕ್ರೋಸಾಫ್ಟ್‌ನ ಹಳೆಯ ಒಪ್ಪಂದಗಳಿಗೆ ಅಮೆರಿಕದ ಸರ್ಕಾರ 1994ರಲ್ಲಿ ತಡೆಹಾಕಬೇಕಾಯಿತು. ಲಿಂಡೋಸ್ ವಾಲ್‌ಮಾರ್ಟಿಗೆ ಹೋದದ್ದು, ಈ ಪಿಸಿ ಗೆದ್ದದ್ದು, ಮತ್ತೆ ಎಕ್ಸ್‌ಪಿ ಅದನ್ನು ಮಣಿಸಿದ್ದು ಈ ವಾದಕ್ಕೆ ಪುರಾವೆ. ಗೂಗಲ್‌ನ ಕ್ರೋಮ್‌ಬುಕ್ ಇನ್ನೂ ದೊಡ್ಡ ಪುರಾವೆ: ಒಳಗೆ ಲಿನಕ್ಸ್ ಇದ್ದರೂ ಯಾರೂ ಅಳವಡಿಸಬೇಕಿಲ್ಲ, ಅಮೆರಿಕದ ಶಾಲೆಗಳಲ್ಲಿ ಲಕ್ಷಗಟ್ಟಲೆ ಹೋಯಿತು. ಆದರೆ ತಮಿಳುನಾಡಿನ ಲ್ಯಾಪ್‌ಟಾಪಿನಲ್ಲಿ ಬಾಸ್ ಮೊದಲೇ ತುಂಬಿಕೊಂಡು ಬಂದಿತ್ತಲ್ಲ, ಅದೇಕೆ ನೆಲೆ ನಿಲ್ಲಲಿಲ್ಲ ಎಂಬುದಕ್ಕೆ ಈ ಪಂಥದಲ್ಲಿ ಉತ್ತರ ಸಿಗದು.

### ಎರಡು: ತಂತ್ರಾಂಶಗಳ ಗೋಡೆ

ಅಮೆರಿಕದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರಲ್ಲಿ ಗುರುತಿಸಿದ ಅಂಶವಿದು. ಬಳಕೆದಾರರು ಹೆಚ್ಚಿರುವ ವ್ಯವಸ್ಥೆಗೇ ತಂತ್ರಾಂಶ ಬರೆಯುತ್ತಾರೆ. ತಂತ್ರಾಂಶ ಹೆಚ್ಚಿರುವ ವ್ಯವಸ್ಥೆಯನ್ನೇ ಜನ ಬಳಸುತ್ತಾರೆ. ಹೊಸಬರು ಒಳಬರಲು ಸಂದಿಯೇ ಇರುವುದಿಲ್ಲ.

ಸೌಕಾರ್‌ಪೇಟೆಯಲ್ಲಿ ಈ ಗೋಡೆಯ ಹೆಸರು ಟ್ಯಾಲಿ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯ ಈ ತಂತ್ರಾಂಶ ಓಡುವುದು ವಿಂಡೋಸ್ ಮೇಲೆ. ಅದರ ಸುತ್ತ ಇನ್ನೆಷ್ಟೋ ಹೆಣೆದುಕೊಂಡಿವೆ: ಆಡಿಟರ್ ಕೇಳುವುದು ಟ್ಯಾಲಿಯ ಬ್ಯಾಕಪ್, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸರ್ಕಾರವೇ ಕೊಟ್ಟ ರಿಟರ್ನ್ಸ್ ತಯಾರಿಸುವ ಆಫ್‌ಲೈನ್ ಸಲಕರಣೆ ವಿಂಡೋಸ್ ಮತ್ತು ಎಕ್ಸೆಲ್ ನೆಚ್ಚಿತ್ತು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬಾರ್‌ಕೋಡ್ ಪ್ರಿಂಟರ್ ಎಲ್ಲದರ ಡ್ರೈವರ್ ಸುಲಭಕ್ಕೆ ಸಿಗುವುದು ವಿಂಡೋಸ್‌ಗೆ. ಗ್ನುಖಾತಾದಂಥ ಮುಕ್ತ ಲೆಕ್ಕಪತ್ರ ತಂತ್ರಾಂಶಗಳು ಬಂದವು. ಆದರೆ ಎಫ್8 ಒತ್ತಿ ಪಳಗಿದ ಲೆಕ್ಕದವರು ಸಂಬಳಕ್ಕೆ ಸಿಗುತ್ತಾರೆ, ಗ್ನುಖಾತಾ ಬಲ್ಲವರು ಸಿಗುವುದಿಲ್ಲ.

ಕನ್ನಡದ ಮುದ್ರಣ ಲೋಕದಲ್ಲೂ ಇಂಥದ್ದೇ ಗೋಡೆ ಎದ್ದಿತ್ತು. ನುಡಿ, ಬರಹ ತಂತ್ರಾಂಶಗಳು ವಿಂಡೋಸ್‌ಗೆ ಬಂದವು. ಯೂನಿಕೋಡ್ ಪೂರ್ವದ ಅವುಗಳ ಫಾಂಟುಗಳಲ್ಲಿ ಪುಸ್ತಕ, ಪತ್ರಿಕೆ, ಸರ್ಕಾರಿ ಸುತ್ತೋಲೆಗಳು ರಾಶಿಬಿದ್ದವು. ಲಿನಕ್ಸ್‌ನಲ್ಲಿ ಲೋಹಿತ್ ಕನ್ನಡ ಫಾಂಟೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಬಂದ ಮೇಲೂ ಡಿಟಿಪಿ ಮಾಡುವವರು ಕದಲಲಿಲ್ಲ. ಅವರ ಹಳೆಯ ಕಡತಗಳೆಲ್ಲ ಆ ಕಡೆ ಇದ್ದವು.

### ಮೂರು: ಕಳ್ಳ ಪ್ರತಿಯೇ ಎದುರಾಳಿ

ಕಂಪ್ಯೂಟರ್ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದ್ದಂತೆ ಚೆನ್ನೈಗೆ ರಿಚಿ ಸ್ಟ್ರೀಟ್. ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಸಿಕೊಂಡ ಕಾಲದಲ್ಲಿ ಲೈಸೆನ್ಸ್ ಇಲ್ಲದ ವಿಂಡೋಸ್ ಅದರಲ್ಲಿ ಸೇರಿಯೇ ಬರುವುದು ದೇಶದೆಲ್ಲೆಡೆ ಮಾಮೂಲಾಗಿತ್ತು. ಆಗ ಲಿನಕ್ಸ್ ಉಚಿತ ಎಂಬ ಮಾತಿಗೆ ಬೆಲೆ ಎಲ್ಲಿ? 2005ರಲ್ಲಿ ಎಚ್‌ಸಿಎಲ್ ಲಿನಕ್ಸ್ ಹಾಕಿ ₹9,990ಕ್ಕೆ ಕಂಪ್ಯೂಟರ್ ತಂದಾಗಲೂ ಕೊಂಡವರು ಅದನ್ನು ಅಳಿಸಿ ಕಳ್ಳ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅಭ್ಯಾಸವಾದ ಮೇಲೆ ಮುಂದೆಂದಾದರೂ ಹಣ ವಸೂಲು ಮಾಡಬಹುದು ಎಂಬ ಅರ್ಥದ ಮಾತನ್ನು ಬಿಲ್ ಗೇಟ್ಸ್ 1998ರಲ್ಲಿ ಚೀನಾ ಕುರಿತು ಆಡಿದ್ದರು. ಈ ವಿವರಣೆ ನಮ್ಮಂಥ ದೇಶಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕಳ್ಳ ಪ್ರತಿ ಕಡಿಮೆಯಿರುವ ಜರ್ಮನಿಯಲ್ಲೂ ಮ್ಯೂನಿಕ್ ನಗರಾಡಳಿತ ಸುಮಾರು 15,000 ಯಂತ್ರಗಳನ್ನು ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿದ್ದೇಕೆ ಎಂಬುದು ಇದಕ್ಕೆ ನಿಲುಕದು.

### ನಾಲ್ಕು: ಒಡಕು

ನೂರಾರು ಲಿನಕ್ಸ್‌ಗಳು, ಹತ್ತಾರು ಡೆಸ್ಕ್‌ಟಾಪುಗಳು, ಒಂದೊಂದಕ್ಕೂ ಬೇರೆ ಬೇರೆ ಅಳವಡಿಕೆಯ ಕ್ರಮ. ಯಾವುದಕ್ಕೆ ತಂತ್ರಾಂಶ ಬರೆಯಲಿ ಎಂದು ಕಂಪನಿ ಕೇಳುತ್ತದೆ. ಯಾವುದನ್ನು ಕಲಿಯಲಿ ಎಂದು ಗಿರಾಕಿ ಕೇಳುತ್ತಾನೆ. ಮುಕ್ತ ಪರವಾನಗಿಯ ಸ್ವಾತಂತ್ರ್ಯವೇ ಇಲ್ಲಿ ದೌರ್ಬಲ್ಯ ಎಂದು ಈ ಪಂಥ ಹೇಳುತ್ತದೆ. ತಂತ್ರಜ್ಞರಲ್ಲಿ ಹೆಚ್ಚು ಜನಪ್ರಿಯವಾದ ವಾದವಿದು. ನನಗೆ ಇದು ಐದರಲ್ಲಿ ಬಲಹೀನವಾದದ್ದೆಂದು ಕಾಣುತ್ತದೆ. ಸರ್ವರ್ ಲೋಕದಲ್ಲೂ ಇದೇ ಒಡಕು ಇತ್ತು. ಅಲ್ಲಿ ರೆಡ್ ಹ್ಯಾಟ್‌ನಂಥವರು ಒಂದು ಆವೃತ್ತಿಗೆ ವರ್ಷಗಟ್ಟಲೆ ಹೊಣೆ ಹೊತ್ತು ನಿಂತದ್ದರಿಂದ ಅದು ಅಡ್ಡಿಯಾಗಲಿಲ್ಲ.

### ಐದು: ಸರ್ಕಾರದ ಇಚ್ಛೆ

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದು ಐದನೆಯ ಪಂಥ. ಕೇರಳ ಅದರ ಸಾಕ್ಷಿ. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಹೊರಡಿಸಿತು. 2023ರಲ್ಲಿ ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ‘ಮಾಯಾ’ ವ್ಯವಸ್ಥೆಯನ್ನು ತರಲು ಹೊರಟಿತು. ಇಲ್ಲಿ ಪ್ರಶ್ನೆ ಹಣದ್ದಲ್ಲ, ಸ್ವಾಯತ್ತತೆಯದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಬಳಿಕ ಮೈಕ್ರೋಸಾಫ್ಟ್ ಗುಜರಾತಿನ ವಾಡಿನಾರ್ ತೈಲ ಸಂಸ್ಕರಣಾಗಾರದ ಒಡೆಯ ನಯಾರಾ ಎನರ್ಜಿಗೆ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ಹೊರದೇಶದ ಒಂದು ತೀರ್ಮಾನದಿಂದ ಇಲ್ಲಿನ ಕಚೇರಿಯ ಕೆಲಸ ನಿಲ್ಲಬಹುದು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಆದರೆ ಸರ್ಕಾರದ ಇಚ್ಛೆ ಸರ್ಕಾರದ ಜೊತೆಗೇ ಬದಲಾಗುತ್ತದೆ. ಎಲ್ಕಾಟ್‌ನ ಸೂಸೆ ಪರ್ವ ಅಧಿಕಾರಿ ಬದಲಾದ ಮೇಲೆ ಹಳೆಯ ವೇಗದಲ್ಲಿ ನಡೆಯಲಿಲ್ಲ.

## ತೂಗಿ ನೋಡಿದರೆ

ಈ ಐದನ್ನೂ ಎದುರಿಗಿಟ್ಟುಕೊಂಡರೆ ಒಂದು ಎಳೆ ಎಲ್ಲದರಲ್ಲೂ ಹಾದುಹೋಗುವುದು ಕಾಣುತ್ತದೆ: ತೊಂದರೆಯಾದಾಗ ಯಾರನ್ನು ಕರೆಯುವುದು?

ಸೌಕಾರ್‌ಪೇಟೆಯ ವರ್ತಕರು ತಂತ್ರಾಂಶಕ್ಕೆ ಹಣ ಕೊಡುವುದಿಲ್ಲ ಎಂಬುದು ತಪ್ಪು ಗ್ರಹಿಕೆ. ಟ್ಯಾಲಿ ಕೊಂಡವರು ಅದರ ಟಿಎಸ್‌ಎಸ್ ನವೀಕರಣಕ್ಕೆ ವರ್ಷವರ್ಷವೂ ಹಣ ಕಟ್ಟುತ್ತಾರೆ. ಏಕೆಂದರೆ ತೆರಿಗೆ ನಿಯಮ ಬದಲಾದಾಗ ಹೊಸ ಆವೃತ್ತಿ ಬರುತ್ತದೆ, ಡೇಟಾ ಕೆಟ್ಟರೆ ಊರಿನಲ್ಲೇ ಇರುವ ಟ್ಯಾಲಿ ಪಾರ್ಟ್‌ನರ್ ಕಡೆಯ ಹುಡುಗ ಸ್ಕೂಟರ್ ಹತ್ತಿ ಬರುತ್ತಾನೆ. ಹೋಳಿಗೆ ಮಾಡುವ ಕ್ರಮ ಎಲ್ಲರಿಗೂ ಗೊತ್ತಿದ್ದರೂ ಮದುವೆಗೆ ಅಡುಗೆಯವರನ್ನು ಕರೆಸುತ್ತೇವೆ. ಹೊತ್ತಿಗೆ ಸರಿಯಾಗಿ ಸಾವಿರ ಎಲೆಗೆ ಬಡಿಸುವ ಹೊಣೆಗೆ ಕೊಡುವ ಹಣ ಅದು. ಮುಕ್ತ ತಂತ್ರಾಂಶದ ವ್ಯಾಪಾರ ನಿಲ್ಲಬಹುದಾದ ನೆಲವೂ ಇದೇ.

ಡೆಸ್ಕ್‌ಟಾಪ್ ಕಂಪನಿಗಳು ಮಾರಿದ್ದು ಅಗ್ಗದ ಬೆಲೆಯನ್ನು. 199 ಡಾಲರ್, ₹9,990 ಎಂಬ ಅಂಕಿಗಳೇ ಅವರ ಜಾಹೀರಾತು. ಬೆಲೆಯಲ್ಲಿ ಕಳ್ಳ ಪ್ರತಿಯನ್ನು ಯಾರೂ ಸೋಲಿಸಲಾರರು, ಎಕ್ಸ್‌ಪಿಯ ದರ ಇಳಿಸುವ ಶಕ್ತಿಯಿದ್ದ ಮೈಕ್ರೋಸಾಫ್ಟನ್ನೂ ಸೋಲಿಸಲಾರರು. ರೆಡ್ ಹ್ಯಾಟ್ ಸರ್ವರುಗಳಲ್ಲಿ ಹೊಣೆಯನ್ನು ಮಾರಿತು, ಬದುಕಿತು. ಕೇರಳ ಗೆದ್ದ ಗುಟ್ಟೂ ಬೇರೆಯಲ್ಲ. ಅಲ್ಲಿ ಸಿಡಿ ಹಂಚಿ ಕೈತೊಳೆದುಕೊಳ್ಳಲಿಲ್ಲ. ಪ್ರತಿ ಜಿಲ್ಲೆಯಲ್ಲಿ ಮಾಸ್ಟರ್ ಟ್ರೈನರುಗಳನ್ನು ನೇಮಿಸಿದರು, ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯವನ್ನೂ ಪರೀಕ್ಷೆಯನ್ನೂ ಅದಕ್ಕೇ ಕಟ್ಟಿದರು. ಕಾಸರಗೋಡಿನ ಶಾಲೆಯಲ್ಲಿ ಯಂತ್ರ ಕೈಕೊಟ್ಟರೆ ಕೇಳಲು ಒಬ್ಬರಿದ್ದಾರೆ. ಲ್ಯಾಪ್‌ಟಾಪ್ ಮನೆಗೆ ಒಯ್ದ ತಮಿಳುನಾಡಿನ ಮಗುವಿಗೆ ಬಾಸ್ ಬಗ್ಗೆ ಕೇಳಲು ಬೀದಿಯಲ್ಲಿ ಯಾರೂ ಇರಲಿಲ್ಲ. ಚೆನ್ನೈಯ ತಂತ್ರಜ್ಞರು ಕಟ್ಟಿದ ವ್ಯವಸ್ಥೆಯಲ್ಲಿ ಕೊರತೆಯಿತ್ತು ಎಂದು ನಾನು ಹೇಳಲಾರೆ. ಅದರ ಸುತ್ತ ಬೆಳೆಯಬೇಕಿದ್ದ ಸಣ್ಣ ಸಣ್ಣ ಸೇವಾ ಅಂಗಡಿಗಳ ಜಾಲ ಬೆಳೆಯಲಿಲ್ಲ.

## ಇನ್ನೂ ಇತ್ಯರ್ಥವಾಗದ್ದು

ಆದರೂ ಹಲವು ಪ್ರಶ್ನೆಗಳು ಉಳಿದಿವೆ. ಮೊದಲನೆಯದು ಎಣಿಕೆಯದೇ. ಜಾಲತಾಣಗಳ ಭೇಟಿ ಲೆಕ್ಕ ಹಾಕುವ ಸ್ಟ್ಯಾಟ್‌ಕೌಂಟರ್ ಇತ್ತೀಚಿನ ವರ್ಷಗಳಲ್ಲಿ ಭಾರತದ ಡೆಸ್ಕ್‌ಟಾಪುಗಳಲ್ಲಿ ಲಿನಕ್ಸ್ ಪಾಲು ಶೇ 10ನ್ನು ದಾಟಿದ್ದನ್ನು ತೋರಿಸಿತು. ಇದು ಅಂಗಡಿ, ಮನೆಗಳ ನಿಜವಾದ ಬಳಕೆಯೋ, ಐಟಿ ಕಂಪನಿಗಳ ಯಂತ್ರಗಳ ನೆರಳೋ ಎಂಬುದು ತೀರ್ಮಾನವಾಗಿಲ್ಲ.

ಎರಡನೆಯದು, ತಂತ್ರಾಂಶಗಳ ಗೋಡೆ ಕರಗುತ್ತಿದೆಯೇ ಎಂಬುದು. 2018ರಲ್ಲಿ ವಿಡಿಯೋ ಆಟಗಳ ಕಂಪನಿ ವಾಲ್ವ್, ವೈನ್ ಆಧಾರದ ಮೇಲೆ ‘ಪ್ರೋಟಾನ್’ ಕಟ್ಟಿತು. 2022ರಲ್ಲಿ ಬಂದ ಅದರ ಸ್ಟೀಮ್ ಡೆಕ್ ಎಂಬ ಆಟದ ಯಂತ್ರದಲ್ಲಿ ವಿಂಡೋಸ್‌ನ ಸಾವಿರಾರು ಆಟಗಳು ಲಿನಕ್ಸ್ ಮೇಲೆ ಓಡುತ್ತಿವೆ. ಲಿಂಡೋಸ್ 2001ರಲ್ಲಿ ಕೊಟ್ಟು ಉಳಿಸಿಕೊಳ್ಳಲಾಗದ ಮಾತು ಆಟಗಳ ಮಟ್ಟಿಗೆ ಈಡೇರಿದೆ. ಲೆಕ್ಕಪತ್ರ ತಂತ್ರಾಂಶಗಳಿಗೆ ಅಷ್ಟೇ ಹಣ, ಅಷ್ಟೇ ಶ್ರಮ ಹಾಕುವವರು ಬರುತ್ತಾರೆಯೇ? ಅಥವಾ ಲೆಕ್ಕವೇ ಬ್ರೌಸರಿಗೆ ಹೋಗಿ ಕೆಳಗಿನ ವ್ಯವಸ್ಥೆ ಯಾವುದಾದರೂ ಸರಿ ಎಂದಾಗುತ್ತದೆಯೇ? ಹಾಗಾದರೆ ಡೆಸ್ಕ್‌ಟಾಪ್ ಮುಕ್ತವಾಗಿದ್ದೂ ಲೆಕ್ಕವೆಲ್ಲ ಯಾರದೋ ಸರ್ವರಿನಲ್ಲಿ ಬಂದಿಯಾಗುತ್ತದೆ. ಅದನ್ನು ಗೆಲುವೆನ್ನಬೇಕೆ ಎಂಬ ಬಗ್ಗೆ ಮುಕ್ತ ತಂತ್ರಾಂಶದವರಲ್ಲೇ ಒಮ್ಮತವಿಲ್ಲ.

ಮೂರನೆಯದು, 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿದಿದೆ. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ, ಆದರೆ ಚೆನ್ನಾಗಿಯೇ ಓಡುವ ಯಂತ್ರಗಳು ಪೇಟೆಪೇಟೆಯಲ್ಲೂ ಇವೆ. ಇವುಗಳ ಒಡೆಯರು ಹೊಸ ಯಂತ್ರ ಕೊಳ್ಳುತ್ತಾರೋ, ಹಾಗೇ ಮುಂದುವರಿಯುತ್ತಾರೋ, ಲಿನಕ್ಸ್‌ಗೆ ಹೊರಳುತ್ತಾರೋ ಎಂಬುದನ್ನು ಊಹೆಯ ಮೇಲೆ ಹೇಳುವಂತಿಲ್ಲ.

ಕೊನೆಯದು, ಹಣ ಯಾರು ಕೊಡಬೇಕು? ಬೆಂಗಳೂರಿನ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಇಂಥ ನೆರವು ತಂತ್ರಾಂಶ ಬರೆಯುವವರಿಗೆ ಅನ್ನ ಕೊಟ್ಟೀತು. ಮಿಂಟ್ ಸ್ಟ್ರೀಟಿನಲ್ಲೋ ಚಿಕ್ಕಪೇಟೆಯಲ್ಲೋ ಮಾರ್ಚ್ 31ರ ರಾತ್ರಿ ಪ್ರಿಂಟರ್ ಕೈಕೊಟ್ಟಾಗ ಬರುವವರ ಸಂಬಳ ಬೇರೆಲ್ಲಿಂದಲೋ ಬರಬೇಕು. ಸರ್ಕಾರ ಕೊಡಬೇಕೆಂದು ಕೇರಳದ ಅನುಭವ ಹೇಳುತ್ತದೆ, ಗಿರಾಕಿಯೇ ಕೊಡುತ್ತಾನೆಂದು ಟ್ಯಾಲಿಯ ಅನುಭವ ಹೇಳುತ್ತದೆ. ಮುಕ್ತ ಡೆಸ್ಕ್‌ಟಾಪಿನ ವಿಷಯದಲ್ಲಿ ಎರಡನೆಯ ದಾರಿಯನ್ನು ನಮ್ಮ ಪೇಟೆಗಳಲ್ಲಿ ಯಾರೂ ಸಾಕಷ್ಟು ದಿನ ಪಟ್ಟುಹಿಡಿದು ನಡೆದು ನೋಡಿಲ್ಲ. ಅದನ್ನು ನಡೆದು ನೋಡುವವರೆಗೂ ಲಿನಕ್ಸ್ ಡೆಸ್ಕ್‌ಟಾಪ್ ಸೋತಿತು ಎಂಬ ತೀರ್ಪು ಅವಸರದ್ದೇ.